ಅವ್ವನ ಗ್ವಾಡಿ ಮತ್ತು 'ಸಿ' ಕೆಟಗರಿ

ಇದು ಉದ್ದದ ಪೋಸ್ಟ್. ಪುರುಸೊತ್ತಿದ್ದಾಗ ಓದ್ರಿ.

ಮೊನ್ನೆ ರಾತ್ರಿ ಮಗ ಒಂದು ವಿಡಿಯೊ ತೋರಿಸಿದ. ಅಮೆರಿಕದಲ್ಲಿ ಮನೆ ಕೊಳ್ಳುವ ಮುಂಚೆ ರೊಕ್ಕ ಕೊಟ್ಟು ಒಬ್ಬ ಇನ್‌ಸ್ಪೆಕ್ಟರನ್ನ ಕರೆಸ್ತಾರಂತೆ. ಅವನು ಏಣಿ ಹಾಕಿ ಚಾವಣಿ ಹತ್ತುತ್ತಾನೆ, ಬ್ಯಾಟರಿ ಹಿಡಿದು ನೆಲದ ಕೆಳಗೆ ತೆವಳಿಕೊಂಡು ಹೋಗ್ತಾನೆ, ಗೋಡೆಗೆ ಒಂದು ಯಂತ್ರ ಇಟ್ಟು ಪಸೆ ಎಷ್ಟು ಅಂತ ನೋಡ್ತಾನೆ. ಸಿಕ್ಕಿದ್ದೆಲ್ಲ ಫೋಟೊ. ಒಬ್ಬರ ಮನೆಯಲ್ಲಿ ತೊಲೆಗೆ ಆನಿಕೆಯಾಗಿ ಕಾರಿನ ಜ್ಯಾಕ್ ಕೊಟ್ಟಿದ್ದರು. ಇನ್ನೊಬ್ಬರ ಮನೆಯಲ್ಲಿ ಸ್ನಾನದ ನಲ್ಲಿಯ ಪಕ್ಕದಲ್ಲೇ ಕರೆಂಟಿನ ಪ್ಲಗ್ಗು. ಮಗ ಬಿದ್ದು ಬಿದ್ದು ನಗುತ್ತಿದ್ದ. ನಾನೂ ನಕ್ಕೆ. ಆಮೇಲೆ ನಗು ನಿಂತಿತು.

ಯಾಕಂದರೆ ನಾನೂ ಮನೆ ನೋಡಿದವಳು. ಒಂದಲ್ಲ ಎರಡಲ್ಲ, ಇಪ್ಪತ್ತು ದಿನ ಊರೂರು ತಿರುಗಿ ಮನೆ ನೋಡಿದೀನಿ. ವಿಡಿಯೊದಲ್ಲಿರೋ ಇನ್‌ಸ್ಪೆಕ್ಟರು ಆ ಮನೆಯಲ್ಲಿ ವಾಸ ಮಾಡೋರ ಪರವಾಗಿ ನೋಡ್ತಾನೆ. ನಾವು ಯಾರ ಪರ ನೋಡಿದ್ವಿ ಅನ್ನೋದು ನನಗೆ ಇವತ್ತಿಗೂ ಬಗೆಹರಿದಿಲ್ಲ.

2019ರ ಆಗಸ್ಟ್. ನಿಮಗೆಲ್ಲ ನೆನಪಿರಬೇಕು. ಪಂಚಮಿ ಹಬ್ಬದ ಹೊತ್ತಿಗೆ ಹಿಡಿದ ಮಳೆ ಬಿಡಲೇ ಇಲ್ಲ. ಹಾವೇರಿ ಜಿಲ್ಲೆಯಲ್ಲಿ ವರದಾ, ಧರ್ಮಾ, ತುಂಗಭದ್ರಾ ತುಂಬಿ ಬಂದು ಹೊಳೆದಂಡೆಯ ಊರುಗಳು ಮುಳುಗಿದವು. ಟೀವಿಯವರು ಅಲ್ಲಿಗೆ ಹೋದರು. ನಮ್ಮ ಶಿಗ್ಗಾಂವಿ ಕಡೆ ಹೊಳೆ ಬಂದು ಮನೆ ಒಯ್ದದ್ದು ಕಡಿಮೆ. ನಮ್ಮಲ್ಲಿ ಮನೆ ಬಿದ್ದದ್ದು ಸುಮ್ಮನೆ, ಸಪ್ಪಳಿಲ್ಲದೆ. ಮಣ್ಣಿನ ಗೋಡೆ ವಾರಗಟ್ಟಲೆ ನೀರು ಕುಡಿದು, ತಳ ಕರಗಿ, ಕೂತಲ್ಲೇ ಕೂತಿತು. ಟೀವಿಗೆ ಅದರಲ್ಲಿ ತೋರಿಸೋಕೆ ಏನಿಲ್ಲ.

ಸರ್ಕಾರ ಪರಿಹಾರ ಘೋಷಣೆ ಮಾಡಿತು. ಶೇಕಡಾ 75ಕ್ಕಿಂತ ಹೆಚ್ಚು ಹಾನಿಯಾದರೆ 'ಎ', 5 ಲಕ್ಷ. 25ರಿಂದ 75ರ ತನಕ 'ಬಿ'. ಅದಕ್ಕೆ ಮೊದಲು ಕಡಿಮೆ ಇತ್ತು, ಆಮೇಲೆ ದುರಸ್ತಿಗೆ 3 ಲಕ್ಷ, ಕೆಡವಿ ಕಟ್ಟಿಕೊಂಡರೆ 5 ಲಕ್ಷ ಅಂತಾಯಿತು. 15ರಿಂದ 25 ಅಂದರೆ 'ಸಿ', ಅದಕ್ಕೆ ಕೊನೆಗೆ 50 ಸಾವಿರ. 15ಕ್ಕಿಂತ ಕಡಿಮೆ ಅಂದರೆ ನಿಮ್ಮ ಮನೆಗೆ ಏನೂ ಆಗಿಲ್ಲ. ರಾಜ್ಯ ಸರ್ಕಾರ ಇದನ್ನು ತನ್ನ ಕೈಯಿಂದ ಹೆಚ್ಚಿಗೆ ಹಾಕಿ ಕೊಟ್ಟಿದ್ದು ಅನ್ನೋದನ್ನ ಒಪ್ಪಿಕೊಳ್ಳಬೇಕು. ಆಗ ಕೇಂದ್ರದ ವಿಪತ್ತು ಪರಿಹಾರದ ನಿಯಮ ನೋಡಿದ್ದರೆ ನಿಮಗೆ ಗಾಬರಿಯಾಗ್ತಿತ್ತು. ಭಾಗಶಃ ಬಿದ್ದ ಪಕ್ಕಾ ಮನೆಗೆ 5,200 ರೂಪಾಯಿ, ಕಚ್ಚಾ ಮನೆಗೆ 3,200. ಕಲ್ಲು ಸಿಮೆಂಟಿನ ಮನೆಯವನ ನೋವಿಗಿಂತ ಮಣ್ಣಿನ ಮನೆಯವನ ನೋವು 2 ಸಾವಿರ ರೂಪಾಯಿ ಅಗ್ಗ.

ಸಮೀಕ್ಷೆಗೆ ಕಂದಾಯದವರೊಬ್ಬರು, ಪಂಚಾಯ್ತಿಯವರೊಬ್ಬರು, ಎಂಜಿನಿಯರ್ ಒಬ್ಬರು ಜೋಡಿಯಾಗಿ ಹೋಗಬೇಕು. ನಾನು ನಾಲ್ಕನೆಯವಳು, ಗುಮಾಸ್ತೆ. ಹೆಸರು, ಆಧಾರ್ ನಂಬರು, ಪಾಸ್‌ಬುಕ್ ನಂಬರು ಬರಕೊಳ್ಳೋದು, ಸಂಜೆ ಆಫೀಸಿಗೆ ಬಂದು ರಾಜೀವ್ ಗಾಂಧಿ ವಸತಿ ನಿಗಮದ ತಂತ್ರಾಂಶಕ್ಕೆ ಏರಿಸೋದು ನನ್ನ ಕೆಲಸ. ಯಾವ ಆಫೀಸು, ಯಾವ ಊರು ಅಂತ ಕೇಳಬೇಡ್ರಿ. ಆ ಎಂಜಿನಿಯರ್ ಹುಡುಗ ಬೇರೆ ಜಿಲ್ಲೆಯವನು, ಕೆಟ್ಟವನೇನಲ್ಲ. ಯಾರ ಹತ್ರಾನೂ ಹತ್ತು ರೂಪಾಯಿ ಮುಟ್ಟಲಿಲ್ಲ. ಇದನ್ನ ಮೊದಲೇ ಹೇಳ್ತಿದೀನಿ, ಯಾಕಂದರೆ ಲಂಚದ ಕತೆ ಎಲ್ಲರಿಗೂ ಗೊತ್ತು, ಇದು ಲಂಚದ ಕತೆ ಅಲ್ಲ.

ಮೊದಲ ದಿನ ಒಂದು ಊರಿನ ಮೇಲಿನ ಓಣಿಯಿಂದ ಶುರು ಮಾಡಿದ್ವಿ. ಮನೆ ಯಜಮಾನರು ಬಾಗಿಲಿಗೇ ಬಂದು "ಬರ್ರಿ ಸಾಹೇಬ್ರ, ಮಳ್ಯಾಗ ಬಂದೀರಿ, ಒಂದೀಟು ಚಾ ಕುಡೀರಿ" ಅಂದರು. ಪಡಸಾಲೆಯಲ್ಲಿ ಚಾಪೆ ಹಾಸಿದರು. ಚಾ ಬರೋ ತನಕ ಎಂಜಿನಿಯರು ತಲೆ ಎತ್ತಿ ತೊಲೆ ನೋಡಿದ. ತೊಲೆ ಕೂತಲ್ಲಿ ಗೋಡೆ ಸೀಳಿತ್ತು. ಎದ್ದು ನಡುಮನೆಗೆ ಹೋದ. ಅಲ್ಲೊಂದು ಸೀಳು. ಅಡಿಗೆಮನೆಗೆ ಹೋದ, ಅಲ್ಲಿ ನೆಲ ಕುಸಿದಿತ್ತು. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಮನೆ ಒಳಗೆ ಬಿರುಕು ಬಿಟ್ಟಿತ್ತು. 'ಬಿ' ಬರೆದ. ಸರಿಯಾಗೇ ಬರೆದ. ಆ ಮನೆಗೆ 'ಬಿ' ನ್ಯಾಯವೇ. ನನಗೆ ಚಾ ಸ್ಟೀಲಿನ ಲೋಟದಲ್ಲಿ ಬಂತೋ, ಪೇಪರ್ ಕಪ್ಪಿನಲ್ಲಿ ಬಂತೋ ಅಂತ ಕೇಳಬೇಡ್ರಿ. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಆಧಾರ್ ನಂಬರ್ ಬರೀತಿದ್ದೆ.

ಮಧ್ಯಾಹ್ನ ಕೇರಿಗೆ ಬಂದ್ವಿ.

ಕೇರಿಯಲ್ಲಿ ಎಂಜಿನಿಯರ್ ಸಿಮೆಂಟ್ ರಸ್ತೆಯ ನಡುವೆ ನಿಂತ. ಎಡಕ್ಕೊಂದು ಫೋಟೊ, ಬಲಕ್ಕೊಂದು ಫೋಟೊ. "ಗೋಡೆ ಹೊರಗಡೆಯಿಂದಾನೇ ಕಾಣುತ್ತಲ್ಲ ಮೇಡಂ." ನಮ್ಮವರೂ "ಒಳಗ ಬರ್ರಿ" ಅನ್ನಲಿಲ್ಲ. ಅಂದರೆ ಬರ್ತಾರೋ ಇಲ್ಲೋ, ಬರದಿದ್ದರೆ ಅವಮಾನ, ಬಂದು ಚಾ ಬೇಡ ಅಂದರೆ ಇನ್ನೂ ಅವಮಾನ. ಹೀಗಾಗಿ ಬಾಗಿಲಲ್ಲಿ ಕೈಕಟ್ಟಿ ನಿಂತರು. ಇವರೂ ಹೋಗಲಿಲ್ಲ, ಅವರೂ ಕರೆಯಲಿಲ್ಲ. ಯಾರೂ ಯಾರಿಗೂ ಒಂದು ಕೆಟ್ಟ ಮಾತು ಆಡಲಿಲ್ಲ. ಆ ಅರ್ಧ ತಾಸಿನಲ್ಲಿ ಹದಿನೆಂಟು ಮನೆ ಮುಗಿದವು. ಬೆಳಿಗ್ಗೆ ಮೇಲಿನ ಓಣಿಯಲ್ಲಿ ಅಷ್ಟೇ ಮನೆಗೆ ಮೂರು ತಾಸು ಹಿಡಿದಿತ್ತು.

ಚಾ ಕುಡಿದ ಮನೆಯೊಳಗಿನ ಬಿರುಕು ಕಂಡಿತು, ಚಾ ಕುಡಿಯದ ಮನೆಯೊಳಗಿನ ಬಿರುಕು ಕಾಣಲಿಲ್ಲ. ಅಸ್ಪೃಶ್ಯತೆ ಅಂದರೆ ಬಾವಿ, ಗುಡಿ, ಹೋಟೆಲಿನ ಲೋಟ ಅಂತ ಭಾಷಣ ಮಾಡ್ತಿದ್ದ ನನಗೆ, ಅದು ಹೀಗೆ ಒಂದು ಅಕ್ಷರವಾಗಿ, 'ಬಿ' ಹೋಗಿ 'ಸಿ' ಆಗಿ, ಲಕ್ಷ ಹೋಗಿ ಸಾವಿರ ಆಗಿ, ನನ್ನ ಕೈಬೆರಳಿನಿಂದಲೇ ಕಂಪ್ಯೂಟರಿಗೆ ಇಳೀತದೆ ಅಂತ ಗೊತ್ತಿರಲಿಲ್ಲ.

ಎರಡನೇ ದಿನದಿಂದ ನಾನೇ ಒಳಗೆ ಹೋಗೋಕೆ ಶುರು ಮಾಡಿದೆ. "ಹೆಣ್ಣುಮಕ್ಕಳು ಇರ್ತಾರೆ, ನೀವೇ ಒಳಗೆ ನೋಡಿ ಬನ್ನಿ ಮೇಡಂ" ಅಂತ ಅವನೂ ಅಂದ. ಆದರೆ ನನ್ನ ಮಾತಿಗೆ ಫಾರ್ಮಿನಲ್ಲಿ ಜಾಗ ಇಲ್ಲ. ಸಹಿ ಎಂಜಿನಿಯರದ್ದು. ಆದರೂ ಹೋದೆ.

ಒಳಗೆ ಏನು ಸಿಕ್ಕಿತು ಅಂತ ಕೇಳ್ರಿ. ಒಂದು ಮನೆಯಲ್ಲಿ ನೆಲದ ಮೇಲೆ ಹನ್ನೊಂದು ಪಾತ್ರೆ ಇಟ್ಟಿದ್ದರು, ಒಂದೊಂದಕ್ಕೂ ಒಂದೊಂದು ಸಪ್ಪಳ. ಆ ಮನೆಯ ಅಜ್ಜಿ "ಉಣ್ಣಾಕ ತಾಟಿಲ್ಲ ನೋಡಬೇ ತಂಗಿ, ಎಲ್ಲಾ ಮಳಿಗೆ ಬಡಿಸೇನಿ" ಅಂದಳು. ನಮ್ಮದು ಶಿಶುನಾಳ ಶರೀಫಜ್ಜನ ತಾಲ್ಲೂಕು. ಸೋರುವ ಮನೆಯ ಮೇಲೆ ಅಜ್ಜ ಪದ ಕಟ್ಟಿದ್ದನ್ನ ಎಲ್ಲರೂ ಅಧ್ಯಾತ್ಮ, ಅಧ್ಯಾತ್ಮ ಅಂತಾರೆ. ಇರಬಹುದು. ಕೇರಿಯಲ್ಲಿ ಅದನ್ನ ಹಾಡಿದರೆ ಮಂದಿ ಮೊದಲು ತಲೆ ಎತ್ತಿ ಹಂಚು ನೋಡ್ತಾರೆ.

ಇನ್ನೊಂದು ಮನೆಯಲ್ಲಿ ಒಣಗಿದ ಮೂಲೆ ಅಂತ ಇದ್ದದ್ದು ಒಂದೇ. ಅದರಲ್ಲಿ ದಿನ ತುಂಬಿದ ಬಸುರಿ ಮಗಳು, ಎರಡು ಆಡು, ಒಂದು ಚೀಲ ರೇಶನ್ ಅಕ್ಕಿ. ಇನ್ನೊಂದು ಮನೆಯಲ್ಲಿ ಗೊಬ್ಬರದ ಪ್ಲಾಸ್ಟಿಕ್ ಚೀಲವೊಂದು ಜಂತಿಗೆ ನೇತಾಡುತ್ತಿತ್ತು. ಏನದು ಅಂತ ಕೇಳಿದರೆ ಮಗಳ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ರೇಶನ್ ಕಾರ್ಡು. ಗೋಡೆ ಬೀಳೋ ರಾತ್ರಿ ಮೊದಲು ಹೊರಗೆ ತಂದದ್ದು ಅದನ್ನಂತೆ, ಆಮೇಲೆ ಹಾಸಿಗೆ. ಒಬ್ಬ ಮುದುಕರು ಬಾಬಾಸಾಹೇಬರ ಫೋಟೊವನ್ನ ಎರಡೂ ಕೈಯಲ್ಲಿ ಹುಷಾರಾಗಿ ಇಳಿಸಿ ಹಿಂದಿನ ಗೋಡೆ ತೋರಿಸಿದರು. ನನ್ನ ಕೈ ಒಳಗೆ ಹೋಗುವಷ್ಟು ಸೀಳು.

ಮತ್ತೆ ಬಚ್ಚಲು. ಎಷ್ಟೋ ಮನೆಗಳಲ್ಲಿ ಪೂರ್ತಿ ಬಿದ್ದದ್ದು ಹಿತ್ತಲ ಬಚ್ಚಲ ಗೋಡೆ ಒಂದೇ. ಎಂಜಿನಿಯರನ್ನ ಕೇಳಿದೆ. "ಅದು ಮುಖ್ಯ ಕಟ್ಟಡಕ್ಕೆ ಸೇರಿಲ್ಲ ಮೇಡಂ, ಲೆಕ್ಕಕ್ಕೆ ಬರಲ್ಲ." ಆ ಇಪ್ಪತ್ತು ದಿನ ಆ ಮನೆಗಳ ಹೆಣ್ಣುಮಕ್ಕಳು ಬೆಳಗಿನ ನಾಲ್ಕಕ್ಕೆ ಎದ್ದು, ಹಳೇ ಸೀರೆ ಅಡ್ಡ ಕಟ್ಟಿ, ಇಬ್ಬರು ಕಾವಲು ನಿಂತು ಒಬ್ಬರು ಮೈ ತೊಳಕೊಂಡರು. ಶೇಕಡಾ ಸೊನ್ನೆ.

ಇನ್ನೊಂದು ಸಂಗತಿ ಮನೆಯೊಳಗೆ ಅಲ್ಲ, ಮನೆ ನಿಂತ ನೆಲದಲ್ಲಿ ಸಿಕ್ಕಿತು. ಹೋದ ಊರಲ್ಲೆಲ್ಲ ಗಟಾರದ ನೀರು ಯಾವ ಕಡೆ ಹರೀತದೆ ಅಂತ ನೋಡುತ್ತಾ ಹೋದೆ. ಮೇಲಿನ ಓಣಿಯಿಂದ ಇಳಿದು, ಅಗಸಿ ದಾಟಿ, ಬರೋದು ನಮ್ಮ ಕೇರಿಗೇ. ಊರು ಕಟ್ಟಿದವರು ಎತ್ತರದ ಕೆಂಪು ಗರಸು ನೆಲ ಹಿಡಿದುಕೊಂಡು, ತಗ್ಗಿನ ಎರೆ ನೆಲ ನಮಗೆ ಬಿಟ್ಟರು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅದರ ಮೇಲೆ ಆಳದ ಬುನಾದಿ ಇಲ್ಲದ ಗೋಡೆ ನಿಲ್ಲಿಸಿದರೆ ಅದು ವರ್ಷಕ್ಕೊಮ್ಮೆ ಎದ್ದು ಕೂತು ಮಾಡುತ್ತದೆ. ಮೂಲೆಗಳಿಂದ ಓರೆಯಾಗಿ ಸೀಳು ಬರೋದು ಅದಕ್ಕೇ. ಫಾರ್ಮಿನಲ್ಲಿ "ಹಾನಿಗೆ ಕಾರಣ" ಅಂತ ಒಂದು ಕಾಲಂ ಇತ್ತು. ಎಲ್ಲರಿಗೂ "ಅತಿವೃಷ್ಟಿ" ಅಂತ ಟೈಪ್ ಮಾಡಿದೆ. ಮಳೆ ಊರಿಗೆಲ್ಲ ಒಂದೇ ಬಿದ್ದಿತ್ತು.

ಈಗ ನಮ್ಮೂರಿಗೆ ಬರ್ತೀನಿ. ಗೊಟಗೋಡಿ ನಿಮಗೆ ಗೊತ್ತಿರುತ್ತೆ. ಹೈವೇ ಪಕ್ಕದ ಉತ್ಸವ ರಾಕ್ ಗಾರ್ಡನ್‌ನಿಂದ ಗೊತ್ತಿರುತ್ತೆ, ಇಲ್ಲಾ ಜಾನಪದ ವಿಶ್ವವಿದ್ಯಾಲಯದಿಂದ ಗೊತ್ತಿರುತ್ತೆ. ನನ್ನ ತವರು. ಅವ್ವ ಅಲ್ಲೇ ಒಬ್ಬಳೇ ಇದ್ದಳು, ಅಪ್ಪ ಕಟ್ಟಿದ ಮಣ್ಣಿನ ಗೋಡೆಯ ಹಂಚಿನ ಮನೆಯಲ್ಲಿ.

ನಮ್ಮೂರಿನ ಪಾಳಿ ಬಂದಾಗ "ಸರ್, ನಾನು ಬರಲ್ಲ, ಬೇರೆಯವರನ್ನ ಹಾಕ್ರಿ" ಅಂದೆ. ಮಂದಿ ಇರಲಿಲ್ಲ, ಹೋಗಲೇಬೇಕಾಯಿತು. ಹಿಂದಿನ ರಾತ್ರಿ ಅವ್ವ ಫೋನ್ ಮಾಡಿದಳು.

"ನಾಳೆ ನಿಮ್ಮ ಸಾಹೇಬ್ರು ನಮ್ಮನಿಗೂ ಬರ್ತಾರೇನವಾ?"

"ಹೂಂನಬೇ, ಬರ್ತಾರ. ನಾನೂ ಬರ್ತೇನಿ."

ಅಷ್ಟೇ ಹೇಳಿದ್ದು. ನನ್ನ ದನಿಯಲ್ಲಿ ಸ್ವಲ್ಪ ಹಮ್ಮೂ ಇತ್ತು ಅಂತ ಈಗ ಅನಿಸ್ತದೆ. ಮಗಳು ಸಾಹೇಬರ ಜೀಪಿನಲ್ಲಿ ಊರಿಗೆ ಬರ್ತಾಳೆ ಅನ್ನೋ ಹಮ್ಮು. ಅವ್ವ ಅದನ್ನ ಅವಳಿಗೆ ತಿಳಿದಂತೆ ತಿಳಕೊಂಡಳು. ಮನೆಗೆ ಮಂದಿ ಬರ್ತಾರೆ.

ಬೆಳಿಗ್ಗೆ ಹೈವೇ ಪಕ್ಕ ಚಾಕ್ಕೆ ನಿಂತಾಗ ಎಂಜಿನಿಯರು ರಾಕ್ ಗಾರ್ಡನ್ ತೋರಿಸಿ, "ಹೋದ ವರ್ಷ ಫ್ಯಾಮಿಲಿ ಕರ್ಕೊಂಡು ಬಂದಿದ್ದೆ ಮೇಡಂ. ಹಳ್ಳಿ ಮನೆಗಳನ್ನ ಎಷ್ಟು ಚೆನ್ನಾಗಿ ಮಾಡಿದಾರೆ! ಒಂದೊಂದು ಮನೆ ಒಳಗೂ ಹೋಗಿ ಫೋಟೊ ತೆಗೆಸಿಕೊಂಡ್ವಿ" ಅಂದ. ನಿಜ, ಸೊಲಬಕ್ಕನವರ್ ಅವರು ಮಾಡಿದ್ದು ದೊಡ್ಡ ಕೆಲಸ, ಸಿಮೆಂಟಿನ ಮನುಷ್ಯರಿಗೆ ಜೀವ ಇದೆ ಅನಿಸ್ತದೆ. ನಾನು ಹೂಂಗುಟ್ಟಿದೆ. ಆಗ ಕಂದಾಯದವರು ನಗುತ್ತಾ ಅಂದರು, "ಇವತ್ತು ಮೇಡಮ್ಮಾರ ಊರು. ಎಲ್ಲಾ ಮನಿ 'ಎ' ಆಗ್ತಾವು ಬಿಡ್ರಿ." ಚಾಷ್ಟಿಗೇ ಅಂದದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಕೂತಿತು.

ಅವ್ವನ ಮನೆ ಮುಂದೆ ಬಂದು ನಿಂತಾಗ ನನ್ನ ಎದೆ ಧಸಕ್ಕಂತು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು. ಮುಂದಿನ ಗೋಡೆಗೆ ಸುಣ್ಣ. ಬಾಗಿಲಿಗೆ ಹೊಸ ಪರದೆ. ಅವ್ವ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ನಿಂತಿದ್ದಳು. ಎಂಜಿನಿಯರು ರಸ್ತೆಯಿಂದಲೇ ನೋಡಿ, "ಇದು ಚೆನ್ನಾಗಿದೆಯಲ್ಲ ಮೇಡಂ. ಒಂದು ಮೂಲೆ ಹಂಚು ಜಾರಿದೆ ಅಷ್ಟೆ. 'ಸಿ' ಹಾಕೋಣ" ಅಂದ.

ನಾನು ಒಳಗೆ ಹೋದೆ. ಅಡಿಗೆಮನೆಯ ಹಿತ್ತಲ ಗೋಡೆಯಲ್ಲಿ ಬಾಗಿಲ ಚೌಕಟ್ಟಿನ ಮೂಲೆಯಿಂದ ನೆಲದ ತನಕ ಓರೆಯಾಗಿ ಒಂದು ಮೊಳ ಅಗಲದ ಪಟ್ಟಿ ಹಸಿ ಹಸಿ ಇತ್ತು. ಕೆಮ್ಮಣ್ಣು, ಸಗಣಿ, ಮೇಲೆ ಸುಣ್ಣ. ಸುಣ್ಣ ಇನ್ನೂ ಬೆಳ್ಳಗಾಗಿರಲಿಲ್ಲ. ಅವ್ವ ರಾತ್ರಿಯೆಲ್ಲ ಕೂತು ಬಿರುಕು ಮುಚ್ಚಿದ್ದಳು.

"ಏನಬೇ ಇದು?" ಅಂತ ಪಿಸುಮಾತಲ್ಲಿ ಕೇಳಿದೆ.

"ಮಂದಿ ಬರ್ತಾರಂದ್ರ ಹೊಲಸ ಇಟ್ಕೊಂಡು ಕುಂದ್ರಲೇನು? ನಿನ್ನ ಕೂಡ ಕೆಲಸ ಮಾಡೋರು. ನಿನ್ನ ಮಾನ ಹೋಗೂದಿಲ್ಲೇನು?"

ನನಗೆ ಗೊತ್ತಿತ್ತು. ಆ ಸುಣ್ಣದ ಹಿಂದೆ ಏನಿದೆ ಅಂತ ನನ್ನ ಬೆರಳಿಗೆ ಗೊತ್ತಿತ್ತು. ಹೊರಗೆ ಬಂದು ಒಂದು ಮಾತು, "ಸರ್, ಒಳಗೆ ಬಂದು ಹಿತ್ತಲ ಗೋಡೆ ನೋಡ್ರಿ" ಅಂತ ಒಂದೇ ಮಾತು ಅನ್ನಬಹುದಿತ್ತು. ಬೇರೆ ಊರುಗಳಲ್ಲಿ ಬೇರೆಯವರ ಮನೆಗೆ ಹತ್ತು ಸಲ ಅಂದಿದ್ದೆ, ಎರಡು ಸಲ ಅವನು ಬಂದು ನೋಡಿಯೂ ಇದ್ದ. ಆವತ್ತು ಅನ್ನಲಿಲ್ಲ. ತನ್ನವರಿಗೆ ಮಾಡಿಕೊಂಡಳು ಅಂತಾರೆ ಅನ್ನೋ ಹೆದರಿಕೆ. ರಿಸರ್ವೇಶನ್ನಿನಲ್ಲಿ ಬಂದೋರು ಅಂದರೆ ಹೀಗೇ ಅಂತಾರೆ ಅನ್ನೋ ಹೆದರಿಕೆ. ನೌಕರಿಗೆ ಸೇರಿದ ದಿನದಿಂದ ಪ್ರಾಮಾಣಿಕಳು ಅಂತ ಅನ್ನಿಸಿಕೊಳ್ಳೋಕೆ ಬೇರೆಯವರಿಗಿಂತ ಎರಡು ಪಟ್ಟು ಕೆಲಸ ಮಾಡಿದವಳು ನಾನು. ಆ ಹೆಸರು ಉಳಿಸಿಕೊಳ್ಳೋಕೆ ಅವ್ವನ ಗೋಡೆ ಕೊಟ್ಟೆ. ಸಂಜೆ ಆಫೀಸಿನಲ್ಲಿ ಕೂತು ಅವ್ವನ ಹೆಸರು, ಆಧಾರ್ ನಂಬರು, 'ಸಿ' ಅಂತ ನಾನೇ ಟೈಪ್ ಮಾಡಿದೆ. ಎಂಟ್ರಿಯಲ್ಲಿ ಯೂಸರ್ ಐಡಿ ನಂದೇ ಇದೆ.

ಎಂಟ್ರಿ ಮಾಡಿ ಎರಡು ದಿನಕ್ಕೆ ಕಾಕಾ ಸಿಕ್ಕಿದ್ದ. ನಮ್ಮ ಕಾಕಾ ಗೌಂಡಿ. ಓದಿಲ್ಲ. ಸುತ್ತಲಿನ ಊರುಗಳ ದೊಡ್ಡ ಮನೆಗಳಿಗೆ ಬುನಾದಿ ತೋಡಿದ್ದು, ಕಲ್ಲು ಇಟ್ಟಿದ್ದು, ಗಿಲಾವ್ ಮಾಡಿದ್ದು ಅವನು ಮತ್ತು ಅವನ ಜೊತೆಗಾರರು. ಅಡಿಗೆಮನೆ, ದೇವರ ಕೋಣೆ ಎಲ್ಲ ಅವರ ಕೈಯಿಂದಲೇ ಎದ್ದದ್ದು. ಗೃಹಪ್ರವೇಶದ ದಿನ ಅವರಿಗೆ ಹೊರಗೆ ಶಾಮಿಯಾನದ ಕೆಳಗೆ ಊಟ, ಒಂದು ಟವೆಲ್ಲು. ಮರುದಿನದಿಂದ ಹೊಸ್ತಿಲ ಒಳಗೆ ಕಾಲಿಡೋ ಹಾಗಿಲ್ಲ. "ಒಂಬತ್ತು ತಿಂಗಳು ಹೊಟ್ಯಾಗ ಇಟ್ಕೊಂಡಂಗ ಇಟ್ಕೊಂಡು, ಹಡದ ಮ್ಯಾಲೆ ಕೂಸಿನ ಮುಖ ನೋಡಾಕ ಬಿಡೂದಿಲ್ಲ ನೋಡವಾ" ಅಂತಿರ್ತಾನೆ.

ಅವನನ್ನ ಕರಕೊಂಡು ಹೋಗಿ ಅವ್ವನ ಗೋಡೆ ತೋರಿಸಿದೆ. ಕಾಕಾ ಫೋಟೊ ತೆಗೆಯಲಿಲ್ಲ. ಬೆರಳಿನ ಗೆಣ್ಣಿನಿಂದ ಗೋಡೆ ಬಡಿಯುತ್ತಾ ಕೆಳಗಿಂದ ಮೇಲಿನ ತನಕ ಹೋದ. ಒಂದು ಕಡೆ ಸಪ್ಪಳ ಬೇರೆಯಾಯಿತು, ಬೊಳ್ಳಾದ ಕಟ್ಟಿಗೆ ಬಡಿದ ಹಾಗೆ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟ. ಗೋಡೆ ಹಿತ್ತಲ ಕಡೆಗೆ ನಾಲ್ಕು ಬೆರಳು ವಾಲಿತ್ತು. ಬಾಗಿಲ ಮೇಲಿನ ಕಟ್ಟಿಗೆಗೆ ಉಗುರು ಒತ್ತಿದ, ಪುಡಿ ಉದುರಿತು, ಒರಲಿ ತಿಂದಿತ್ತು. ತಳದಲ್ಲಿ ಬೆಳ್ಳಗೆ ಉಪ್ಪು ಬಿಟ್ಟಿದ್ದನ್ನ ನಾಲಿಗೆಗೆ ಹಚ್ಚಿ ನೋಡಿ ಉಗುಳಿದ. "ಇದು ಮಳ್ಯಾಗ ಬೀಳೂದಿಲ್ಲ. ಮಳಿ ನಿಂತು ಬಿಸಲ ಬಿತ್ತಲ್ಲ, ಆವಾಗ ಬೀಳ್ತೈತಿ. ಅತ್ತಿಗಿಗೆ ಇಲ್ಲಿ ಮಕ್ಕೊಬ್ಯಾಡ ಅನ್ನು." ಒಟ್ಟು ಹತ್ತು ನಿಮಿಷ. ನಾನು ಇಪ್ಪತ್ತು ದಿನ ಎಂಜಿನಿಯರ್ ಜೊತೆ ತಿರುಗಿ ಕಲಿಯದ್ದನ್ನ ಆ ಹತ್ತು ನಿಮಿಷದಲ್ಲಿ ಕಲಿತೆ.

ಅಕ್ಟೋಬರಿನಲ್ಲಿ ಮತ್ತೆ ಮಳೆ ಹಿಡೀತು. ನಿಂತ ಮೂರನೇ ದಿನ, ಮಟಮಟ ಮಧ್ಯಾಹ್ನ ಗೋಡೆ ಬಿತ್ತು. ಹಿತ್ತಲ ಕಡೆಗೇ. ಅವ್ವ ಕಳೆ ತೆಗೆಯೋಕೆ ಹೊಲಕ್ಕೆ ಹೋಗಿದ್ದಳು. ನೀರು ಕಾಸೋ ಹಂಡೆ ಚಪ್ಪಟೆ ಆಯಿತು, ಕೋಳಿ ಎರಡು ಸತ್ತವು. ಅಷ್ಟರಲ್ಲಿ ಹೋಯಿತು. ರಾತ್ರಿ ಬಿದ್ದಿದ್ದರೆ ಅಂತ ಯೋಚನೆ ಮಾಡೋಕೆ ಹೋಗಿಲ್ಲ ನಾನು.

ಅರ್ಜಿ ಕೊಟ್ಟೆ. ಮರುಸಮೀಕ್ಷೆ ಮಾಡ್ರಿ ಅಂತ ಕೇಳಿದೆ. "ಒಂದು ಮನೆಗೆ ಒಂದೇ ಎಂಟ್ರಿ, ಲಾಗಿನ್ ಬಂದ್ ಆಗೇತಿ" ಅಂದರು. ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದೆ, ಧರಣಿ ಕೂಡುತ್ತಿದ್ದೆ, ನಿಮ್ಮನ್ನೆಲ್ಲ ಕರೆಯುತ್ತಿದ್ದೆ. ಇದರಲ್ಲಿ ಯಾರ ಮೇಲೆ ಕೂಗಾಡಲಿ? 50 ಸಾವಿರ ಬಂತು. ಅದರ ಮೇಲೆ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಸಿಮೆಂಟ್ ಇಟ್ಟಿಗೆಯ ಒಂದು ಗೋಡೆ, ಅಡಿಗೆಮನೆಗೆ ತಗಡು. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ರೊಟ್ಟಿ ಬಡಿಯೋದು ಅಂದರೆ ಹಂಚಿನ ಮೇಲೆ ತಾನೇ ಕೂತ ಹಾಗೆ ಅಂತಾಳೆ ಅವ್ವ.

ಇಷ್ಟು ವರ್ಷ ಇದನ್ನ ಬರೆದಿರಲಿಲ್ಲ. ಬರೀಬೇಕು ಅನ್ನಿಸಿದ್ದು ಯಾಕಂದರೆ, ಆಮೇಲೆ ತಿರುಗಾಡಿದಲ್ಲೆಲ್ಲ ಇದೇ ಕಂಡೆ. ನಮ್ಮ ಮನೆ ನೋಡೋಕೆ ಬರೋರಿಗೆ ಎರಡರಲ್ಲಿ ಒಂದು ಬೇಕು. ಪೂರ್ತಿ ಬಿದ್ದಿರಬೇಕು, ಇಲ್ಲಾ ಏನೂ ಆಗಿರಬಾರದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಪಟ್ಟಿಗೆ ಮನೆ ನೋಡೋಕೆ ಬಂದಾಗ ಬೈಕ್ ಇದ್ದರೆ ಹೆಸರು ಹೋಗುತ್ತಿತ್ತು, ಫ್ರಿಜ್ ಇದ್ದರೆ ಹೋಗುತ್ತಿತ್ತು. ಹುಬ್ಬಳ್ಳಿಗೆ ಕೂಲಿಗೆ ಹೋಗೋಕೆ ಮಗ ಕಂತಿನ ಮೇಲೆ ತಂದ ಹಳೇ ಬೈಕನ್ನ ಬಣವೆಯ ಹಿಂದೆ ತಾಡಪಾಲ್ ಹೊದಿಸಿ ಮುಚ್ಚಿದ್ದನ್ನ ನೋಡಿದೀನಿ. 2024ರಲ್ಲಿ ಆ ಎರಡು ಷರತ್ತು ತೆಗೆದರು, ಒಳ್ಳೆಯದಾಯಿತು. ಆದರೆ ಎಷ್ಟು ವರ್ಷ ಆ ಬೈಕು ಬಣವೆಯ ಹಿಂದೆ ಇತ್ತು. 2011ರ ಜನಗಣತಿಯಲ್ಲೂ ಮನೆಯ ಸ್ಥಿತಿ ಅಂತ ಬರಕೊಂಡರು: ಒಳ್ಳೆಯದು, ವಾಸಯೋಗ್ಯ, ಶಿಥಿಲ. ಅವ್ವ ಇದ್ದ ಮನೆ ಯಾವುದು ಹೇಳ್ರಿ. ಅವಳು ವಾಸ ಮಾಡ್ತಿದ್ದಳು, ಅಂದಮೇಲೆ ವಾಸಯೋಗ್ಯ.

ಪ್ಯಾಟೆಯಲ್ಲಿ ಇನ್ನೊಂದು ತರಹದ ತಪಾಸಣೆ. ಅಲ್ಲಿ ನಾವು ಮನೆ ನೋಡೋಕೆ ಹೋದರೆ ಮನೆ ಮಾಲಕರು ನಮ್ಮನ್ನ ನೋಡ್ತಾರೆ. "ನಿಮ್ಮ ಪೈಕಿ ಯಾರ್ರಿ?" "ವೆಜ್ಜೋ ನಾನ್‌ವೆಜ್ಜೋ?" "ನಿಮ್ಮ ಅಡ್ಡಹೆಸರು?" ನಾನು ಈಗಿರೋ ಬಾಡಿಗೆ ಮನೆ ಹನ್ನೊಂದನೆಯದು. ಹತ್ತು ಮನೆಗಳಲ್ಲಿ ನಲ್ಲಿ ನೀರು ಬರುತ್ತೋ ಇಲ್ಲೋ ಅಂತ ಕೇಳೋ ತನಕ ಮಾತೇ ಹೋಗಲಿಲ್ಲ. 1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಬರೋಡಾದಲ್ಲಿ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಅವರ ವಸತಿಗೃಹದಲ್ಲಿದ್ದರು, ಗೊತ್ತಾದ ದಿನ ಬಡಿಗೆ ಹಿಡಿದು ಬಂದು ಹೊರಹಾಕಿದರು. ನನ್ನ ಗೆಳತಿಯೊಬ್ಬಳು 2025ರ ಮೇ ತಿಂಗಳಲ್ಲಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆಯವರು ಬಾಡಿಗೆ ಮನೆ ಬಾಗಿಲಿಗೆ ಬಂದಾಗ, ಜಾತಿ ಕೇಳಿದ ಕೂಡಲೇ "ಒಳಗ ಬರ್ರಿ, ಹೇಳ್ತೇನಿ" ಅಂತ ಅವರನ್ನ ಅಡಿಗೆಮನೆ ತನಕ ಕರಕೊಂಡು ಹೋಗಿ, ಮಿಕ್ಸರ್ ಹಚ್ಚಿ, ಕಿವಿಯಲ್ಲಿ ಹೇಳಿದಳಂತೆ. ಮೇಲಿನ ಮಹಡಿಯಲ್ಲಿ ಮಾಲಕರಿದ್ದರು. ಒಳಮೀಸಲಾತಿಗಾಗಿ ಮೂವತ್ತು ವರ್ಷ ಬೀದಿಯಲ್ಲಿ ಕೂಗಿದ ಹೆಸರು, ಮನೆಯೊಳಗೆ ಮಿಕ್ಸರಿನ ಸಪ್ಪಳದಲ್ಲಿ. ಅವಳು ನಗುತ್ತಲೇ ಹೇಳಿದಳು. ಇದರ ಬಗ್ಗೆ ಬೇರೆಯೇ ಬರೀಬೇಕು, ಇಲ್ಲಿಗೆ ಬಿಡ್ತೀನಿ.

2021ರ ಮಳೆಗಾಲದಿಂದ ಭಾನುವಾರ ಭಾನುವಾರ ಇಬ್ಬರು ಹುಡುಗಿಯರನ್ನ ಕಟ್ಟಿಕೊಂಡು ಕೇರಿಗಳಿಗೆ ಹೋಗ್ತೀವಿ. ಸಂಘಟನೆ ಅಂತ ಬ್ಯಾನರ್ ಹಿಡಿಯಲ್ಲ. ಕಾಕಾನೂ ಒಮ್ಮೊಮ್ಮೆ ಬರ್ತಾನೆ, ದಾರ, ಗುಂಡು ಹಿಡಕೊಂಡು. ನಾವು ಹೇಳೋದು ಇಷ್ಟೇ, ನೀವೂ ನಿಮ್ಮ ಊರಲ್ಲಿ ಹೇಳ್ರಿ. ಮಳೆ ಶುರುವಾಗೋ ಮುಂಚೆ ಮನೆಯ ಒಳಗಿನ ಗೋಡೆಗಳ ಫೋಟೊ ತೆಗೆದಿಡ್ರಿ, ಮಳೆ ನಿಂತ ಮೇಲೆ ಅದೇ ಜಾಗದಿಂದ ಇನ್ನೊಂದು ಸಲ ತೆಗೀರಿ. ಬಿರುಕಿನ ಪಕ್ಕ ಒಂದು ರೂಪಾಯಿ ನಾಣ್ಯ ಹಿಡೀರಿ, ಅಗಲ ತಿಳೀತದೆ. ಫೋನಿನಲ್ಲಿ ದಿನಾಂಕ, ಲೊಕೇಶನ್ ಬೀಳೋ ಹಾಗೆ ಇಟ್ಟುಕೊಳ್ರಿ. ಮನೆಯ ಉತಾರ ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸಾ ಮಾಡಿಸಿ ನಿಮ್ಮ ಹೆಸರಿಗೆ ತರ್ರಿ, ಗೋಡೆ ಬಿದ್ದ ಮೇಲೆ ಓಡಾಡಬ್ಯಾಡ್ರಿ. ಸಮೀಕ್ಷೆಯವರು ಬಂದರೆ "ಒಳಗ ಬರ್ರಿ" ಅಂತ ಕರೀರಿ. ಬರದಿದ್ದರೆ "ಒಳಗೆ ಬಂದು ನೋಡಿಲ್ಲ" ಅಂತ ಒಂದು ಚೀಟಿಯಲ್ಲಿ ಬರೆದು ಪಂಚಾಯ್ತಿಗೆ ಕೊಟ್ಟು, ಮುಟ್ಟಿದ ಸಹಿ ತಗೊಳ್ರಿ. ಒಂದೇ ಒಂದು ಸಾಲು ಸಾಕು. ಗುಮಾಸ್ತೆಯಾಗಿ ಹೇಳ್ತೀನಿ, ಆಫೀಸಿನಲ್ಲಿ ಜೋರು ದನಿಗಿಂತ ಮುಟ್ಟಿದ ಸಹಿ ಇರೋ ಹಾಳೆಗೆ ಹೆದರ್ತಾರೆ.

ಮತ್ತೆ, ಸಮೀಕ್ಷೆ ಮುಗಿಯೋ ತನಕ ಸಾರಿಸಬೇಡ್ರಿ, ಸುಣ್ಣ ಹಚ್ಚಬೇಡ್ರಿ ಅಂತ ಹೇಳ್ತೀವಿ. ಎಲ್ಲಕ್ಕಿಂತ ಕಷ್ಟ ಇದನ್ನ ಒಪ್ಪಿಸೋದು. ಹೆಂಗಸರು ಮುಖ ನೋಡ್ತಾರೆ. ಒಂದೂರಿನಲ್ಲಿ ಒಬ್ಬಾಕೆ ನೇರವಾಗಿ ಕೇಳಿದಳು: "ನಮ್ಮನ್ನ ಹೊಲಸ ಮಂದಿ ಅಂತ ಮೊದಲ ಅಂತಾರ್ರಿ ಅಕ್ಕಾರ. ಈಗ ನೀವೂ ಹೊಲಸ ಇರ್ರಿ ಅಂತೀರಿ?" ನನ್ನ ಹತ್ರ ಉತ್ತರ ಇರಲಿಲ್ಲ. ಫೋಟೊ ತೆಗೆದು ಆಮೇಲೆ ಸಾರಿಸಿಕೊಳ್ರಿ ಅಂದೆ. ಅದು ಉತ್ತರ ಅಲ್ಲ, ಉಪಾಯ.

ಹೋದ ವಾರ ಅವ್ವ ಫೋನ್ ಮಾಡಿದ್ದಳು. ಪಂಚಮಿ ಹತ್ತಿರ ಬಂತು, ಉಂಡಿಗೆ ಶೇಂಗಾ ಹುರಿದಿಟ್ಟಿದಾಳಂತೆ. ಉಳಿದ ಮೂರು ಮಣ್ಣಿನ ಗೋಡೆಯಲ್ಲಿ ಪಡಸಾಲೆಯದು ಈ ಸಲ ಬಾಯಿ ಬಿಟ್ಟಿದೆ. ಕೆಮ್ಮಣ್ಣು ತಂದು ಬುಟ್ಟಿಯಲ್ಲಿ ಇಟ್ಟುಕೊಂಡು ಕೂತಿದಾಳೆ.

"ಫೋಟೊ ತಗಿಯೂದು ಯಾವಾಗ ಬರ್ತಿ? ಮಣ್ಣು ಒಣಗಾಕ ಹತ್ತೇತಿ."

ಭಾನುವಾರ ಹೋದೆ. ನಾಣ್ಯ ಹಿಡಿದು ಫೋಟೊ ತೆಗೆದೆ. ಇಲ್ಲಿ ಹಾಕಬೇಕು ಅಂತಿದ್ದೆ, ಅವ್ವ ಬೇಡ ಅಂದಳು.